ಗೈರ್ ಮುಲ್ಕಿಯ ಕ್ಯಾಮೆರಾ

ಊರಿಂದ ಯಾರೇ ನೆಂಟರು ಹೈದರಾಬಾದಿಗೆ ಬರಲಿ, ನಾನು ಅವರನ್ನು ಚೌಮಹಲ್ಲಾ ಅರಮನೆಗೆ ಕರೆದುಕೊಂಡು ಹೋಗುತ್ತೇನೆ. ಅವರು ತೂಗುದೀಪಗಳನ್ನು ನೋಡುತ್ತಾರೆ, ಹಳದಿ ಬಣ್ಣದ ರೋಲ್ಸ್ ರಾಯ್ಸ್ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ. ನಾನು ಮಾತ್ರ ಗೋಡೆಯ ಮೇಲಿನ ಹಳೇ ಫೋಟೋಗಳ ಮುಂದೆ ನಿಂತುಬಿಡುತ್ತೇನೆ. "ಎಷ್ಟ್ ಸಲ ನೋಡ್ತೀರಿ? ಅವೇ ಮುಖ ಅಲ್ಲೇನ್ರಿ?" ಎಂದು ನನ್ನ ಹೆಂಡತಿ ಜೋರು ಮಾಡಿದ್ದೂ ಉಂಟು.

ಮುಖ ಅವೇ, ಖರೆ. ಆದರೆ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಹೈದರಾಬಾದಿನ ಬಹುಪಾಲು ಒಬ್ಬನೇ ಮನುಷ್ಯನ ಕ್ಯಾಮೆರಾದಿಂದ ಬಂದದ್ದು. ಆ ಮನುಷ್ಯ ಹೈದರಾಬಾದಿನವನಲ್ಲ. ಲಾಲಾ ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧಾನಾದಲ್ಲಿ, ಜೈನ ಕುಟುಂಬದಲ್ಲಿ. ಓದಿದ್ದು ರೂರ್ಕಿಯ ಥಾಮಸನ್ ಎಂಜಿನಿಯರಿಂಗ್ ಕಾಲೇಜಿನಲ್ಲಿ. ನೌಕರಿ ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ. 1880ರ ದಶಕದಲ್ಲಿ ಸಿಕಂದರಾಬಾದಿಗೆ ಬಂದು ಸ್ಟುಡಿಯೋ ತೆರೆದರು. 1905ರಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರು ಈ ಊರಿಗೇ ಅಂಟಿಕೊಂಡಿತು.

ಇಲ್ಲಿ ಇಂಥವರಿಗೆ ಒಂದು ಹೆಸರಿದೆ, ಗೈರ್ ಮುಲ್ಕಿ. ಮುಲ್ಕಿ ಅಂದರೆ ಈ ಸೀಮೆಯವನು, ಗೈರ್ ಮುಲ್ಕಿ ಅಂದರೆ ಹೊರಗಿನವನು. ಉತ್ತರದಿಂದ ಬಂದವರಿಗೇ ನಿಜಾಮರ ಸರ್ಕಾರದಲ್ಲಿ ದೊಡ್ಡ ನೌಕರಿ ಸಿಗುತ್ತದೆಂದು ಸ್ಥಳೀಯರು ಗೊಣಗುತ್ತಿದ್ದ ಕಾಲಕ್ಕೇ ದೀನ್ ದಯಾಳ್ ಇಲ್ಲಿಗೆ ಬಂದದ್ದು. ಆ ಮಾತು ಸತ್ತಿಲ್ಲ. 1969ರ ತೆಲಂಗಾಣ ಚಳವಳಿಯಲ್ಲಿ ಮತ್ತೆ ಎದ್ದಿತ್ತು, ನಾನು ವರ್ಗವಾಗಿ ಬಂದಾಗ ಕ್ಯಾಂಟೀನಿನ ಹರಟೆಯಲ್ಲಿ ನನ್ನ ಕಿವಿಗೂ ಬಿದ್ದಿತ್ತು. ಗುಲ್ಬರ್ಗ, ರಾಯಚೂರು, ಬೀದರಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಲೆಕ್ಕದ ಪ್ರಕಾರ ಅಲ್ಲಿಯವನಾದ ನಾನು ಮುಲ್ಕಿಯೇ ಎಂದು ವಾದಿಸಿ ನೋಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದೀನ್ ದಯಾಳರಿಗೆ ಮನ್ನಣೆಗೇನೂ ಕಡಿಮೆಯಾಗಲಿಲ್ಲ. ಲಾರ್ಡ್ ಡಫರಿನ್ ತಮ್ಮ ಛಾಯಾಗ್ರಾಹಕರನ್ನಾಗಿ ನೇಮಿಸಿದರು. 1893ರ ಶಿಕಾಗೋ ವಿಶ್ವ ಪ್ರದರ್ಶನದಲ್ಲಿ ಬಹುಮಾನ ಬಂತು. 1894ರಲ್ಲಿ ನಿಜಾಮರಿಂದ 'ರಾಜಾ ಬಹದ್ದೂರ್ ಮುಸವ್ವಿರ್ ಜಂಗ್' ಎಂಬ ಬಿರುದು. ಚಿತ್ರಗಾರಿಕೆಯ ಶೂರ ಅಂತ ಇಟ್ಟುಕೊಳ್ಳಿ. 1897ರಲ್ಲಿ ವಿಕ್ಟೋರಿಯಾ ರಾಣಿಯ ರಾಜಮುದ್ರೆ. ಬದುಕಿನ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಒಂದು ಗುಂಪು ಅವರನ್ನು ಮಹಾನ್ ಕಲಾವಿದ ಎನ್ನುತ್ತದೆ, ಇನ್ನೊಂದು ದರ್ಬಾರಿನ ಹೊಗಳುಭಟ್ಟ ಎನ್ನುತ್ತದೆ. ನನಗೆ ಎರಡೂ ಅಷ್ಟಕ್ಕಷ್ಟೆ.

ನಾನು ಹಿಡಿದುಕೊಳ್ಳುವುದು ಇಂದೂರಿನ ಇಲಾಖೆಯಲ್ಲಿ ಅವರಿಗಿದ್ದ ಹುದ್ದೆಯನ್ನು: ಹೆಡ್ ಎಸ್ಟಿಮೇಟರ್ ಮತ್ತು ಡ್ರಾಫ್ಟ್ಸ್‌ಮನ್. 1874ರ ಸುಮಾರಿಗೆ ಕ್ಯಾಮೆರಾ ಕೈಗೆ ಬಂದಾಗ ಅವರಿಗೆ ಮೂವತ್ತು ವಯಸ್ಸು. ಅಷ್ಟರಲ್ಲಿ ಕಣ್ಣು ಕಟ್ಟಡ ಅಳೆಯಲು ಪಳಗಿತ್ತು. ಸರ್ ಲೆಪೆಲ್ ಗ್ರಿಫಿನ್ ಜೊತೆ ಸುತ್ತಾಡಿ ತೆಗೆದ ಗ್ವಾಲಿಯರ್, ಖಜುರಾಹೊ, ಸಾಂಚಿ ಚಿತ್ರಗಳನ್ನು ನೋಡಿ. ಅಡಿಪಾಯದಿಂದ ಶಿಖರದವರೆಗೆ ಪೂರ್ತಿ ಕಟ್ಟಡ ಹಿಡಿಸುವಷ್ಟು ದೂರದಲ್ಲಿ, ಗೋಡೆಯ ಗೆರೆ ವಾಲದಂತೆ ನಿಲ್ಲುತ್ತಾರೆ. ಅಲ್ಲೊಬ್ಬ ಇಲ್ಲೊಬ್ಬ ಮನುಷ್ಯ ಕೂತಿದ್ದರೆ ಅದು ಎತ್ತರ ತಿಳಿಯಲಿ ಎಂದು, ಅಳತೆಗೋಲಿನ ಹಾಗೆ. ಬಶೀರ್‌ಬಾಗ್ ಅರಮನೆಯ ಒಳಾಂಗಣವೂ ಹಾಗೇ: ಕುರ್ಚಿ, ಸೋಫಾ, ತೂಗುದೀಪ ಒಂದೂ ತಪ್ಪಿಲ್ಲ. ಕೋರ್ಟ್ ಅಮೀನ ಜಪ್ತಿಗೆ ಬಂದು ಪಟ್ಟಿ ಮಾಡಿದ ಹಾಗಿದೆ! ನಗೆಯಾಡುತ್ತಿಲ್ಲ. ಆ ಅರಮನೆ ಈಗ ಇಲ್ಲ, ಬಶೀರ್‌ಬಾಗ್ ಎಂಬುದು ಸಿಟಿ ಬಸ್ಸಿನ ಬೋರ್ಡಿನ ಮೇಲೆ ಉಳಿದಿದೆ. ಒಳಗೆ ಏನೇನಿತ್ತು ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ.

1892ರಲ್ಲಿ ಹೈದರಾಬಾದಿನಲ್ಲಿ ಅವರು ಪರದೆಯ ಹೆಂಗಸರಿಗಾಗಿಯೇ ಒಂದು ಸ್ಟುಡಿಯೋ ತೆರೆದರು. ಅದನ್ನು ನೋಡಿಕೊಂಡದ್ದು ಮಿಸೆಸ್ ಕೆನಿ-ಲೆವಿಕ್ ಎಂಬ ಇಂಗ್ಲಿಷ್ ಹೆಂಗಸು. ವ್ಯಾಪಾರವೂ ಹೌದು, ಈ ಊರಿನ ಮರ್ಯಾದೆ ಎಲ್ಲಿ ಶುರುವಾಗುತ್ತದೆ ಎಂದು ಹೊರಗಿನವನೊಬ್ಬ ತಿಳಿದುಕೊಂಡ ರೀತಿಯೂ ಹೌದು.

ನನ್ನ ತಕರಾರು ಇರುವುದು ಬರದ ಚಿತ್ರಗಳ ಬಗ್ಗೆ. 1899-1900ರ ಬರ ಉತ್ತರದಲ್ಲಿ 'ಛಪ್ಪನಿಯಾ' ಎಂದೇ ಕುಖ್ಯಾತ. ಆಗ ನಿಜಾಮರ ಆಡಳಿತದಲ್ಲಿದ್ದ ಔರಂಗಾಬಾದಿನ (2023ರಿಂದ ಛತ್ರಪತಿ ಸಂಭಾಜಿನಗರ) ಪರಿಹಾರ ಕೇಂದ್ರಗಳ ಫೋಟೋಗಳು ಅವರ ಸ್ಟುಡಿಯೋದಿಂದ ಬಂದವು. ಜನ ನೆಲದ ಮೇಲೆ ಸಾಲುಸಾಲಾಗಿ ಕೂತಿದ್ದಾರೆ. ಸಾಲು ಎಷ್ಟು ನೇರ ಎಂದರೆ ದಾರ ಹಿಡಿದು ಕೂರಿಸಿದ ಹಾಗೆ. ಹಸಿದವರು ತಾವಾಗಿ ಹಾಗೆ ಕೂರುತ್ತಾರೆಯೇ? ಸರ್ಕಾರ ಕೆಲಸ ಮಾಡುತ್ತಿದೆ ಎಂದು ತೋರಿಸುವ ಆಲ್ಬಮ್ಮಿಗೆ ತೆಗೆದ ಚಿತ್ರ ಅದು. ಎಸ್ಟಿಮೇಟರನ ಕಣ್ಣು ಇಲ್ಲಿಯೂ ಎಣಿಸುತ್ತದೆ, ಸೋಫಾ ಎಣಿಸಿದಂತೆಯೇ.

ಇದಕ್ಕೂ ಮೊದಲು, 1876-78ರ ಬರದಲ್ಲಿ (ನಮ್ಮ ಹಿರಿಯರು ಹೇಳುತ್ತಿದ್ದ ಧಾತು ಈಶ್ವರ ಬರ) ಮದ್ರಾಸ್ ಸೈನ್ಯದ ಅಧಿಕಾರಿ ಹೂಪರ್ ತೆಗೆದ ಚಿತ್ರಗಳಿವೆ. ಎಲುಬಿನ ಹಂದರವಾದವರನ್ನು ಗುಂಪಾಗಿ ಕೂರಿಸಿ ತೆಗೆದವು, ನೋಡಿದರೆ ಅನ್ನ ಇಳಿಯುವುದಿಲ್ಲ. ಹೂಪರ್ ಹಸಿವನ್ನು ತೋರಿಸಿದ, ಅದಕ್ಕೆ ಬೈಸಿಕೊಂಡ. ದೀನ್ ದಯಾಳ್ ಹಸಿವನ್ನು ಸಾಲಿನಲ್ಲಿ ಕೂರಿಸಿದರು. ಯಾವುದು ಹೆಚ್ಚು ಕ್ರೂರ? ಬಹಳ ವರ್ಷ ನಾನು ಎರಡನೆಯದೇ ಎನ್ನುತ್ತಿದ್ದೆ.

ಹಾಗೆನ್ನಲು ನನಗೆ ಹಕ್ಕಿದೆಯೇ ಎಂಬ ಅನುಮಾನ ಹುಟ್ಟಿದ್ದು ನಂತರ. 1986ರಲ್ಲಿ ಮೆದಕ್ ಜಿಲ್ಲೆಯ ಒಂದು ಶಾಖೆಯಲ್ಲಿದ್ದೆ. ಐಆರ್‌ಡಿಪಿ ಯೋಜನೆಯ ಎಮ್ಮೆ ಸಾಲದ ಕಾಲ. ಎಮ್ಮೆ ಕೊಂಡದ್ದು ಖರೆ ಎಂದು ಫೈಲಿಗೆ ಫೋಟೋ ಬೇಕು, ಕಿವಿಗೆ ಹೊಡೆದ ವಿಮೆಯ ಬಿಲ್ಲೆ ಕಾಣಬೇಕು. ಒಂದು ಹಳ್ಳಿಯಲ್ಲಿ ಸಾಲಗಾರನ ಹೆಂಡತಿ ಎಮ್ಮೆಯ ಕೊರಳಿಗೆ ಕೈ ಹಾಕಿ ಸಂಭ್ರಮದಿಂದ ನಿಂತಿದ್ದಳು. ಬಿಲ್ಲೆ ಮರೆಯಾಗುತ್ತಿತ್ತು. "ಅಮ್ಮಾ, ಕೊಂಚೆಂ ಪಕ್ಕಕು ಜರಗಂಡಿ" ಎಂದೆ. ಅವಳು ಸರಿಯುತ್ತಾ ಸರಿಯುತ್ತಾ ಚಿತ್ರದಿಂದಲೇ ಹೊರಗೆ ಹೋದಳು. ಬಿಲ್ಲೆ ಚೆನ್ನಾಗಿ ಬಂತು. ಆಡಿಟಿನವರು ಏನೂ ಕೇಳಲಿಲ್ಲ. ಅವಳ ಹೆಸರನ್ನು ನಾನೂ ಕೇಳಿರಲಿಲ್ಲ.

ನನ್ನ ಫೋಟೋಕ್ಕಿಂತ ದೀನ್ ದಯಾಳರದು ಮೇಲು ಎಂದು ಈಗ ಅನ್ನಿಸುತ್ತದೆ. ಅವರು ಯಾರನ್ನೂ ಪಕ್ಕಕ್ಕೆ ಸರಿಸಲಿಲ್ಲ. ದೊಡ್ಡ ಗಾಜಿನ ಪ್ಲೇಟು, ಎಂಜಿನಿಯರನ ಚೊಕ್ಕತನ. ಅದರಿಂದಾಗಿ ಸಾಲಿನಲ್ಲಿ ಹಿಂದೆ ಕೂತವನೂ ಮುಂದಿನವನಷ್ಟೇ ಸ್ಪಷ್ಟ. ಮಾಲೀಕರು ಕೇಳಿದ್ದು ಸಾಲನ್ನು, ಕ್ಯಾಮೆರಾ ಕೊಟ್ಟದ್ದು ಒಬ್ಬೊಬ್ಬರ ಮುಖವನ್ನು. ಅದು ಅವರ ಉದ್ದೇಶವಾಗಿತ್ತು ಎಂದು ನಾನು ಹೇಳಲಾರೆ, ಹಾಗೆ ಹೇಳುವ ಕಲಾವಿಮರ್ಶಕರನ್ನು ನಂಬಲಾರೆ ಕೂಡ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರೂ ಊರು ಬಿಟ್ಟು ದಿಲ್ಲಿಯಲ್ಲಿ ಬಾಳಿದವರು. ಅವರು ತೆಗೆದ ಮಕ್ಕಳು ನಮ್ಮನ್ನು ಕಂಡು ನಗುತ್ತವೆ. ತೆಗೆದವನಿಗೆ ಅವರ ಮೇಲೆ ಅಕ್ಕರೆ ಇದೆಯೆಂದು ಗೊತ್ತಾಗುತ್ತದೆ. ದೀನ್ ದಯಾಳರಲ್ಲಿ ಆ ಅಕ್ಕರೆ ಕಾಣುವುದಿಲ್ಲ. ಸಿಗುವುದು ನಿಷ್ಠೆ, ಕೆಲಸಕ್ಕೆ ತೋರಿದ ನಿಷ್ಠೆ. ಅನ್ನ ಕೊಡುವವರ ಊರಿನಲ್ಲಿ ಹೊರಗಿನವನಾಗಿ ಬಾಳುವವನಿಗೆ ಅಕ್ಕರೆ ತೋರಿಸುವಷ್ಟು ಸಲಿಗೆ ಇರುತ್ತದೆಯೇ ಎಂಬುದೂ ಒಂದು ಮಾತು.

ಅವರ ಸ್ಟುಡಿಯೋದ 2,857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಕೊಂಡುಕೊಂಡಿತು. 2006ರಲ್ಲಿ ಅಂಚೆಚೀಟಿ ಬಂತು. 2013ರಲ್ಲಿ ದೀಪಾಲಿ ದೇವನ್ ಮತ್ತು ಡೆಬೊರಾ ಹಟನ್ ಅವರ ಮೇಲೆ ದೊಡ್ಡ ಪುಸ್ತಕ ತಂದರು. ಬೆಲೆ ನೋಡಿ ಪಿಂಚಣಿದಾರ ಬೆವರಬೇಕು, ಆದರೆ ತಿರುವಿ ಹಾಕಲೇಬೇಕಾದ್ದು.

ಆಸ್ಪತ್ರೆಗೋ ಮಕ್ಕಳ ಮನೆಗೋ ಎಂದು ಹೈದರಾಬಾದಿಗೆ ಬಂದಾಗ ಅರ್ಧ ದಿನ ಚೌಮಹಲ್ಲಾಕ್ಕೆ ಇಟ್ಟುಕೊಳ್ಳಿ. ಗುಂಪು ಚಿತ್ರ ಕಂಡರೆ ಮುಂದೆ ಕುರ್ಚಿಯಲ್ಲಿ ಕೂತ ದೊಡ್ಡವರನ್ನು ಬಿಟ್ಟು ಹಿಂದೆ ನಿಂತ ಆಳುಗಳನ್ನೂ ನೋಡಿ, ಅವರೂ ಅಷ್ಟೇ ಸ್ಪಷ್ಟವಾಗಿ ಬಂದಿದ್ದಾರೆ. ಶುಕ್ರವಾರ ಮಾತ್ರ ಬರಬೇಡಿ, ರಜಾ.