ಸಂಗೀತಪುರದ ಭಟ್ಟಾಕಳಂಕ

ಭಟ್ಕಳ, ಹೊನ್ನಾವರ, ಕುಮಟೆಗಳ ಹೆಸರು ಪರದೇಶೀಯರ ಬರಹಗಳಲ್ಲಿ ಮೆಣಸು, ಅಕ್ಕಿ, ಹತ್ತಿಗಳ ವ್ಯಾಪಾರದೊಡನೆ ಬಂದಿರುವದನ್ನು ವಾಚಕರು ಬಲ್ಲರು. ಆದರೆ ಈ ಸೀಮೆಯಿಂದ ಕನ್ನಡ ನುಡಿಗೆ ಸಂದ ಒಂದು ದೊಡ್ಡ ಕಾಣಿಕೆಯನ್ನು ನಾವು ಸಾಕಷ್ಟು ನೆನೆಯುವದಿಲ್ಲ. ಹಳಗನ್ನಡದ ಮಹಾವ್ಯಾಕರಣಗಳಲ್ಲಿ ಕಡೆಯದಾದ ‘ಕರ್ನಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕದೇವನು ಹಾಡುವಳ್ಳಿಯ ಜೈನಮಠದ ಅಕಳಂಕದೇವನ ಶಿಷ್ಯನು. ಇಂದು ಭಟ್ಕಳ ತಾಲೂಕಿಗೆ ಸೇರಿರುವ ಈ ಹಾಡುವಳ್ಳಿಯೇ ಶಾಸನಗಳಲ್ಲಿ ಬರುವ ಸಂಗೀತಪುರವು.

ಈ ಮುನಿಯ ಜೀವನದ ವಿವರಗಳು ಸ್ವಲ್ಪವೇ ತಿಳಿದಿರುವವು. ಆತನು ಸುಧಾಪುರದಲ್ಲಿ, ಅಂದರೆ ಸೋದೆಯಲ್ಲಿ, ವಿದ್ಯಾಭ್ಯಾಸ ಮಾಡಿ ಆರು ಭಾಷೆಗಳಲ್ಲಿ ನಿಪುಣನಾದನೆಂದು 19ನೆಯ ಶತಮಾನದ ದೇವಚಂದ್ರನು ‘ರಾಜಾವಳೀ ಕಥೆ’ಯಲ್ಲಿ ಹೇಳಿರುವನು. ವ್ಯಾಕರಣವು ಮುಗಿದದ್ದು ಶಕ 1526ರಲ್ಲಿ, ಎಂದರೆ ಕ್ರಿ. ಶ. 1604ರಲ್ಲಿ. ಆಗ ಈ ನಾಡು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳಿಕೆಯಲ್ಲಿತ್ತು. ಮುಂದೆ ಸುಮಾರು 1606ರಲ್ಲಿ ಆ ರಾಜ್ಯವು ಕೆಳದಿಯವರ ಕೈಸೇರಿತು. ಬಸದಿಗಳಿಗೆ ದಾನ ಕೊಡುತ್ತಿದ್ದ ಅರಸುತನ ಅಳಿಯಿತು. ಅದರ ಕೊನೆಗಾಲದಲ್ಲಿ ಒಬ್ಬ ಸನ್ಯಾಸಿಯು ಬರೆದ ಗ್ರಂಥವು ಉಳಿಯಿತು.

ಮುನಿಗಳು ಕಾವ್ಯದ ಗೊಡವೆಗೆ ಹೋಗುವದು ಈ ಸೀಮೆಗೆ ಹೊಸದಲ್ಲ. ಗೇರುಸೊಪ್ಪೆಯ ವಾದಿ ವಿದ್ಯಾನಂದನು 16ನೆಯ ಶತಮಾನದಲ್ಲಿಯೇ ಹಿಂದಿನ ಕವಿಗಳ ಪದ್ಯಗಳನ್ನಾಯ್ದು ‘ಕಾವ್ಯಸಾರ’ವನ್ನು ಸಂಕಲಿಸಿದ್ದನು. ಆತನು ಕವಿಗಳ ಮಾತನ್ನು ಕೂಡಿಸಿಟ್ಟನು. ಭಟ್ಟಾಕಳಂಕನು ಆ ಮಾತಿನ ಕಟ್ಟನ್ನು ವಿವರಿಸಿದನು. ಆತನ ಗ್ರಂಥದಲ್ಲಿ ನಾಲ್ಕು ಪಾದಗಳು, 592 ಸೂತ್ರಗಳು ಇರುವವು. ಸೂತ್ರಗಳಿಗೆ ‘ಭಾಷಾಮಂಜರಿ’ ಎಂಬ ವೃತ್ತಿಯೂ ಅದಕ್ಕೆ ‘ಮಂಜರೀಮಕರಂದ’ ಎಂಬ ವ್ಯಾಖ್ಯಾನವೂ ಉಂಟು. ಉದಾಹರಣೆಗಳು ಹಳೆಯ ಕವಿಗಳವು. ಆದರೆ ಸೂತ್ರ, ವೃತ್ತಿ, ವ್ಯಾಖ್ಯಾನ ಮೂರೂ ಸಂಸ್ಕೃತದಲ್ಲಿರುವವು!

ಇದೇ ಇಲ್ಲಿ ವಿಚಾರಿಸತಕ್ಕ ಸಂಗತಿ. ಸುಮಾರು 1260ರಲ್ಲಿಯೇ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಕನ್ನಡದ ಕಂದಪದ್ಯಗಳಲ್ಲಿ ಬರೆದಿದ್ದನು. ಕನ್ನಡದ ವ್ಯಾಕರಣವನ್ನು ಕನ್ನಡದಲ್ಲಿ ಹೇಳಬಹುದೆಂಬುದು ಸಿದ್ಧವಾಗಿ ಮೂರು ಶತಮಾನಗಳು ಕಳೆದ ಮೇಲೆ ಈತನೇಕೆ ಸಂಸ್ಕೃತಕ್ಕೆ ಮರಳಿದನು? ಪಾಂಡಿತ್ಯದ ಪ್ರದರ್ಶನಕ್ಕೆಂದು ತಳ್ಳಿಹಾಕುವದು ಸುಲಭ. ಆದರೆ ಗ್ರಂಥವೇ ಬೇರೆ ಉತ್ತರವನ್ನು ಸೂಚಿಸುವದು. ಕನ್ನಡಕ್ಕೆ ಶಾಸ್ತ್ರದ ಯೋಗ್ಯತೆಯಿಲ್ಲ, ಅದಕ್ಕೆ ವ್ಯಾಕರಣವೇಕೆ ಎಂಬ ಆಕ್ಷೇಪವನ್ನು ಆತನು ತಾನೇ ಎತ್ತಿಕೊಂಡು ಖಂಡಿಸಿರುವನು. ತತ್ತ್ವಾರ್ಥ ಮಹಾಶಾಸ್ತ್ರಕ್ಕೆ 96,000 ಗ್ರಂಥಪ್ರಮಾಣದ ‘ಚೂಡಾಮಣಿ’ಯೆಂಬ ವ್ಯಾಖ್ಯಾನವು ಕನ್ನಡದಲ್ಲಿರುವದನ್ನೂ, ಶಬ್ದಶಾಸ್ತ್ರ, ತರ್ಕ, ಸಿದ್ಧಾಂತ, ಕಾವ್ಯ, ನಾಟಕ, ಅಲಂಕಾರಗಳಲ್ಲಿ ಕನ್ನಡ ಗ್ರಂಥಗಳಿರುವದನ್ನೂ ಎತ್ತಿ ತೋರಿಸಿರುವನು. ಆಕ್ಷೇಪಿಸುವವರು ಕನ್ನಡವನ್ನೋದದ ಸಂಸ್ಕೃತ ಪಂಡಿತರು. ಅವರ ಸಭೆಯಲ್ಲಿ ವಾದಿಸಬೇಕಾದವನು ಅವರ ನುಡಿಯಲ್ಲಿಯೇ ವಾದಿಸಬೇಕಷ್ಟೆ. ಆದುದರಿಂದ ಈ ಗ್ರಂಥದ ಸಂಸ್ಕೃತವನ್ನು ಕನ್ನಡದ ಪರವಾದ ವಕೀಲಿಯೆಂದು ತಿಳಿಯುವದೇ ಯುಕ್ತ.

ಈ ಕಾರ್ಯವು ಸುಲಭವಾದುದಲ್ಲ. ಸಂಸ್ಕೃತದಲ್ಲಿ ಲಿಂಗವು ಶಬ್ದಕ್ಕೆ ಅಂಟಿದುದು. ಹೆಂಡತಿಯೆಂಬರ್ಥದ ‘ದಾರ’ವು ಪುಲ್ಲಿಂಗ, ‘ಕಲತ್ರ’ವು ನಪುಂಸಕ. ಕನ್ನಡದಲ್ಲಿ ಹೆಂಡತಿ ಎಂದೆಂದಿಗೂ ಹೆಂಗಸೇ. ‘ಮಾಡೆನು’, ‘ಬಾರನು’ ಎಂಬಲ್ಲಿ ಇಲ್ಲವೆಂಬರ್ಥವು ಕ್ರಿಯಾಪದದೊಳಗೇ ಅಡಗಿರುವದು. ಸಂಸ್ಕೃತದಲ್ಲಿ ಅದಕ್ಕೆ ‘ನ’ಕಾರವು ಬೇರೆಯಾಗಿ ಬೇಕು. ಇಂಥ ನುಡಿಯನ್ನು ಇನ್ನೊಂದು ನುಡಿಗಾಗಿ ಹುಟ್ಟಿದ ಸೂತ್ರಗಳ ಅಚ್ಚಿನಲ್ಲಿ ಎರೆಯುವಾಗ ಕೆಲವೆಡೆ ಬಿಗಿತವು ತೋರುವದು ಸಹಜವೇ. ಆದರೂ ಕೆಲವೇ ಅಕ್ಷರಗಳಲ್ಲಿ ನಿಯಮವನ್ನು ಹಿಡಿದು, ವೃತ್ತಿಯಲ್ಲಿ ಬಿಡಿಸಿ, ವ್ಯಾಖ್ಯಾನದಲ್ಲಿ ಶಂಕೆಗಳನ್ನು ಪರಿಹರಿಸುವ ಆತನ ಕ್ರಮವನ್ನು ಎಷ್ಟು ಹೊಗಳಿದರೂ ಸಲ್ಲುವದು.

ಇದೇ ಬಗೆಯ ಇಕ್ಕಟ್ಟನ್ನು ಯುರೋಪಿನ ಒಬ್ಬ ಪಾದ್ರಿಯು ಬೇರೆ ದಾರಿಯಿಂದ ದಾಟಿದನು. ಸ್ಲೊವೇನ ಜನರ ಕವಿಯಾದ ವಾಲೆಂಟಿನ್ ವೋಡ್ನಿಕನ (1758–1819) ಕಾಲದಲ್ಲಿ ಅವರ ದೇಶದಲ್ಲಿ ಆಡಳಿತಕ್ಕೂ ಶಿಕ್ಷಣಕ್ಕೂ ಜರ್ಮನ್ ಭಾಷೆಯೇ ಪ್ರಬಲವಾಗಿತ್ತು. ಆತನು 1797ರಲ್ಲಿ ಸ್ಲೊವೇನ ನುಡಿಯ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದನು. 1806ರಲ್ಲಿ ಕವನಗಳನ್ನು ಪ್ರಕಟಿಸಿದನು. 1811ರಲ್ಲಿ ಮೊದಲ ತರಗತಿಯ ಶಾಲೆಗಳಿಗೆಂದು ಸ್ಲೊವೇನದಲ್ಲಿಯೇ ವ್ಯಾಕರಣವನ್ನು ಬರೆದನು. ಆ ನುಡಿಗೆ ಶಾಲೆಯಲ್ಲಿ ಸ್ಥಾನ ಕೊಟ್ಟ ಫ್ರೆಂಚರನ್ನು ಹೊಗಳಿ ಪದ್ಯವನ್ನೂ ರಚಿಸಿದನು. ಆಸ್ಟ್ರಿಯದವರು ಮರಳಿ ಬಂದಾಗ ಅದಕ್ಕಾಗಿ ಅಧ್ಯಾಪಕ ವೃತ್ತಿಯನ್ನು ಕಳಕೊಂಡನು. ವೋಡ್ನಿಕನು ಮಕ್ಕಳಿಗೆ ಕಲಿಸಹೊರಟನು. ಭಟ್ಟಾಕಳಂಕನು ಪಂಡಿತರನ್ನು ಒಪ್ಪಿಸಹೊರಟನು. ಒಬ್ಬನಿಗೆ ಶಾಲೆಯಿತ್ತು, ಅಚ್ಚುಕೂಟವಿತ್ತು. ಇನ್ನೊಬ್ಬನಿಗೆ ಓಲೆಯೂ ವಿದ್ವತ್ಸಭೆಯೂ ಮಾತ್ರವೇ ಇದ್ದವು. ಈ ಭೇದವನ್ನು ಮರೆತು ಇಬ್ಬರನ್ನು ತೂಗಬಾರದು.

ಆದರೂ ಫಲವನ್ನು ನೋಡಿ ನಿರ್ಣಯ ಹೇಳಬೇಕಾಗುವದು. ಕನ್ನಡಿಗನು ವ್ಯಾಕರಣವನ್ನು ಕಲಿಯಬೇಕಾದಾಗ ಕೇಶಿರಾಜನ ಬಾಗಿಲಿಗೆ ಹೋದನೇ ಹೊರತು ಭಟ್ಟಾಕಳಂಕನ ಬಾಗಿಲಿಗಲ್ಲ. ಈತನ ಗ್ರಂಥವು ಅಚ್ಚಾದದ್ದು 1890ರಲ್ಲಿ, ರೈಸ್ ಸಾಹೇಬರಿಂದ, 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿದರು. ವಾದವನ್ನು ಗೆದ್ದವನು ಮನೆಯವರಿಗೆ ದೂರವಾದನು. ಇದು ಈ ಕೃತಿಯ ಕುಂದು, ಮುಚ್ಚಿಡಬೇಕಾದುದಿಲ್ಲ.

ಆದರೆ ಆತನ ವಾದದ ರೀತಿಯು ನಮಗೆ ಇಂದಿಗೂ ಬೇಕಾದುದು. ಶಾಸ್ತ್ರಕ್ಕೂ ವಿಜ್ಞಾನಕ್ಕೂ ಕನ್ನಡವು ಸಾಲದೆಂಬ ಮಾತು ಇನ್ನೂ ಕೇಳಿಬರುತ್ತಿರುವದು. ಸಂಸ್ಕೃತದ ಸ್ಥಾನದಲ್ಲಿ ಈಗ ಇಂಗ್ಲಿಷು ನಿಂತಿದೆ, ಅಷ್ಟೆ. ಅದಕ್ಕೆ ನಾವು ಬಹುಮಟ್ಟಿಗೆ ಜಯಕಾರದಿಂದ ಉತ್ತರ ಕೊಡುವೆವು. ಭಟ್ಟಾಕಳಂಕನು ಕನ್ನಡವು ಕಸ್ತೂರಿಯೆಂದು ಕೂಗಲಿಲ್ಲ. ಇಂಥಿಂಥ ಗ್ರಂಥಗಳಿವೆ, ನೋಡಿರೆಂದನು. ಆತನು ಹೆಸರಿಸಿದ ‘ಚೂಡಾಮಣಿ’ಯು ಇಂದು ದೊರೆಯುವದಿಲ್ಲ. ಮುಂದಿನ ವಾದಿಯು ಎತ್ತಿ ತೋರಿಸಲು ತಕ್ಕ ಗ್ರಂಥಗಳನ್ನು ಬರೆಯುವದೂ ಬರೆದವುಗಳನ್ನು ಕಾಯುವದೂ ನಮ್ಮ ಪಾಲಿಗೆ ಬಂದ ಕೆಲಸ. ಹಾಡುವಳ್ಳಿಯ ಬಸದಿಗಳನ್ನು ನೋಡಹೋಗುವ ನಮ್ಮ ಜಿಲ್ಲೆಯ ಸಾಹಿತ್ಯಪ್ರಿಯರು ಇಷ್ಟನ್ನಾದರೂ ನೆನೆಯಬೇಕು.