ದರಕು ಹಾಸಿದ ಕೊಟ್ಟಿಗೆ

ಮಲೆನಾಡಿನ ದನ ಚಳಿಗಾಲ ಕಳೆಯುವುದು ದರಕಿನ ಮೇಲೆ. ದರಕೆಂದರೆ ಒಣಗಿದೆಲೆ; ಕಾಡಿನಿಂದ, ಸೊಪ್ಪಿನ ಬೆಟ್ಟದಿಂದ ಅದನ್ನು ಗುಡಿಸಿ ತಂದು ಕೊಟ್ಟಿಗೆಗೆ ಹರಡುತ್ತಾರೆ. ಸಗಣಿ, ಗಂಜಲ ಬಿದ್ದಂತೆಲ್ಲ ಮೇಲೆ ಮತ್ತೊಂದು ಪದರ. ಕೊನೆಗೆ ಅಷ್ಟನ್ನೂ ಕೆತ್ತಿ ಗೊಬ್ಬರಗುಂಡಿಗೆ, ಅಲ್ಲಿಂದ ಅಡಿಕೆ ತೋಟಕ್ಕೆ. ಗೊಬ್ಬರದ ಲೆಕ್ಕದಲ್ಲಿ ಈ ಪದ್ಧತಿಯನ್ನು ಹೊಗಳಿದವರು ಬೇಕಾದಷ್ಟು ಮಂದಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಸೊಪ್ಪು, ದರಕು ತರಲು 9 ಎಕರೆವರೆಗೆ ಬೆಟ್ಟ ಎಂಬ ಸವಲತ್ತು ಸಿಕ್ಕಿದ್ದೂ ತೋಟದ ಹೆಸರಿನಲ್ಲೇ. ಆ ಹಾಸಿನ ಮೇಲೆ ರಾತ್ರಿ ಕಳೆಯುವ ದನದ ಕಡೆಯಿಂದ ಅದನ್ನು ತೂಗಿ ನೋಡಿದವರು ಮಾತ್ರ ಕಡಿಮೆ.

ದನ ದಿನದಲ್ಲಿ ಹತ್ತು ಹನ್ನೆರಡು ಗಂಟೆ ಮಲಗಿಯೇ ಇರುತ್ತದೆ. ಚಳಿಗಾಲದಲ್ಲಿ ಅದರ ಮೈಯ ಕಾವನ್ನು ಗಾಳಿಯಂತೆ ಒದ್ದೆ ನೆಲವೂ ಕದಿಯುತ್ತದೆ. ಮಲೆನಾಡು ಗಿಡ್ಡದ ಹಸು ಸುಮಾರು 100–120 ಕಿಲೋ ತೂಗುವ ಪುಟ್ಟ ಜೀವ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಕಾವು ಸೋರುವುದೂ ಬೇಗ. ಅಂಥ ಹಸುವಿಗೆ ಒಣಗಿದೆಲೆಯ ಹಾಸು ಎರಡು ಬಗೆಯಲ್ಲಿ ಒದಗುತ್ತದೆ. ಎಲೆಗಳ ನಡುವೆ ಸಿಕ್ಕಿದ ಗಾಳಿ ನೆಲದ ತಂಪನ್ನು ತಡೆಯುತ್ತದೆ; ಕೆಳಪದರದಲ್ಲಿ ಸಗಣಿ, ಗಂಜಲ, ಎಲೆ ಒಟ್ಟಿಗೆ ಕೊಳೆಯುವಾಗ ತಾನಾಗಿ ಶಾಖ ಹುಟ್ಟುತ್ತದೆ. ಪುಷ್ಯದ ಬೆಳಗಿನಲ್ಲಿ ಈ ಹಾಸನ್ನು ಗುದ್ದಲಿಯಿಂದ ಎತ್ತಿದರೆ ಹಬೆ ಏಳುವುದು ಕಣ್ಣಿಗೇ ಕಾಣುತ್ತದೆ, ಕೈಯಿಟ್ಟರೆ ಬಿಸಿ ತಾಗುತ್ತದೆ. ಕಾಸು ಖರ್ಚಿಲ್ಲದೆ, ಕರೆಂಟಿಲ್ಲದೆ ಇಷ್ಟು ಬೆಚ್ಚನೆಯ ಹಾಸಿಗೆ ಕೊಡುವ ಇನ್ನೊಂದು ಉಪಾಯ ನನಗೆ ಗೊತ್ತಿಲ್ಲ.

ಕೊಟ್ಟಿಗೆಯ ಗೋಡೆಯೂ ಇದಕ್ಕೆ ತಕ್ಕಂತೆಯೇ ಇತ್ತು. ಅಡಿಕೆ ದಬ್ಬೆ ಬಡಿದ ಗೋಡೆ ಗಾಳಿಯ ರಭಸ ತಡೆಯುತ್ತಿತ್ತು, ಉಸಿರು ಕಟ್ಟಿಸುತ್ತಿರಲಿಲ್ಲ. ಈಗ ಅನೇಕರು ದನಕ್ಕೆ ಚಳಿಯೆಂದು ಸುತ್ತ ಟಾರ್ಪಾಲು ಬಿಗಿದು ಒಂದು ಸಂದೂ ಬಿಡದೆ ಮುಚ್ಚುತ್ತಾರೆ. ಪ್ರೀತಿಯಿಂದ ಮಾಡುವುದೇ, ಆದರೆ ತಪ್ಪು. ಬೆಳಿಗ್ಗೆ ಒಳಗೆ ಕಾಲಿಟ್ಟಾಗ ಕಣ್ಣು ಉರಿದರೆ ಗಂಜಲದ ಅಮೋನಿಯಾ ಒಳಗೇ ತುಂಬಿಕೊಂಡಿದೆ ಎಂದರ್ಥ. ನಮ್ಮ ಕಣ್ಣಿಗೆ ಒಂದು ಗಳಿಗೆ ತಾಗಿದ್ದನ್ನು ಕರು ರಾತ್ರಿಯಿಡೀ ಶ್ವಾಸಕೋಶಕ್ಕೆ ಎಳೆದುಕೊಂಡಿರುತ್ತದೆ. ಚಳಿಗಾಲದಲ್ಲಿ ಕರುಗಳಿಗೆ ಬರುವ ನ್ಯುಮೋನಿಯಾಕ್ಕೆ ಚಳಿಯ ಜೊತೆಗೆ ಈ ಕಟ್ಟಿದ ಗಾಳಿಯೂ ಕಾರಣ.

ಕಾಂಕ್ರೀಟ್ ಕೊಟ್ಟಿಗೆಯ ಮಾತೂ ಆಡಲೇಬೇಕು. ತೊಳೆಯುವುದು ಸುಲಭ, ಕೆಚ್ಚಲು ಚೊಕ್ಕಟ, ಕೆಲಸದವರು ಸಿಗದ ಕಾಲಕ್ಕೆ ಹೇಳಿ ಮಾಡಿಸಿದ್ದು. ಕ್ವಿಂಟಲ್‌ಗಟ್ಟಲೆ ತೂಗುವ, ಹಾಲು ಕೂಡಿಸುವಾಗಲೇ ಮೈಯಲ್ಲಿ ಸಾಕಷ್ಟು ಶಾಖ ಹುಟ್ಟುವ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ರಬ್ಬರ್ ಮ್ಯಾಟಿನ ಮೇಲೆ ನಮ್ಮ ಚಳಿಯನ್ನು ಆರಾಮಾಗಿ ಕಳೆಯುತ್ತದೆ. ಸೋಲುವುದು ಅದರ ಕರು. ಮೊದಲ ಮೂರು ವಾರದ ಎಳೆಗರುವಿಗೆ ಸುಮಾರು 15 ಡಿಗ್ರಿಗಿಂತ ಕೆಳಗೆ ಮೈ ಬಿಸಿ ಉಳಿಸಿಕೊಳ್ಳುವುದಕ್ಕೇ ಶಕ್ತಿ ಖರ್ಚಾಗತೊಡಗುತ್ತದೆ. ಧನುರ್ಮಾಸದಲ್ಲಿ ಘಟ್ಟದ ಮೇಲಿನ ರಾತ್ರಿಗಳು ಅದಕ್ಕಿಂತ ಕೆಳಗಿಳಿಯುವುದುಂಟು. ಹುಟ್ಟಿದ ಕೂಡಲೇ ಒಣಹುಲ್ಲಿನಿಂದ ಮೈ ತಿಕ್ಕಿ ಒರೆಸಿ, ಮೊದಲ ಒಂದೆರಡು ಗಂಟೆಯಲ್ಲೇ ಗಿಣ್ಣದ ಹಾಲು ಕುಡಿಸಿದರೂ, ಆಮೇಲೆ ಅದನ್ನು ತೊಳೆದ ಸಿಮೆಂಟಿನ ಮೇಲೆ ಕಟ್ಟಿದರೆ ಮಾಡಿದ್ದೆಲ್ಲ ನೀರುಪಾಲು. ಪರೀಕ್ಷೆ ಸುಲಭ: ಕರು ಮಲಗುವ ಜಾಗದಲ್ಲಿ ಮೊಣಕಾಲೂರಿ ಅರ್ಧ ನಿಮಿಷ ಕೂತು ಏಳಿ. ಬಟ್ಟೆ ಒದ್ದೆಯಾಗಿದ್ದರೆ ಅದು ಕರು ಮಲಗುವ ಜಾಗವಲ್ಲ.

ಇದೇ ಪರೀಕ್ಷೆಯಲ್ಲಿ ದರಕಿನ ಹಾಸೂ ಎಷ್ಟೋ ಕಡೆ ಸೋಲುತ್ತದೆ ಎಂಬುದನ್ನು ಮುಚ್ಚಿಡಬಾರದು. ದಿನವೂ ಹೊಸ ಎಲೆ ಬೀಳದಿದ್ದರೆ ಎರಡೇ ದಿನದಲ್ಲಿ ಅದು ಕೆಸರು. ಗುಡಿಸುವ, ಹೊರುವ, ಹರಡುವ ಈ ಕೆಲಸ ಬಹುಪಾಲು ಹೆಂಗಸರ ಬೆನ್ನಿನ ಮೇಲೆಯೇ ನಡೆದುಬಂತು. ಪದ್ಧತಿಯನ್ನು ಕೊಂಡಾಡುವ ಬರಹಗಳಲ್ಲಿ ಆ ಬೆನ್ನುನೋವಿಗೆ ಜಾಗ ಸಿಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಬೇರೆಯೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವ ಮರಿ ಉಣುಗುಗಳು ಕಾಡಿನ ನೆಲದ ತರಗೆಲೆಯಲ್ಲೇ ಇರುತ್ತವೆ. ಅವುಗಳ ಕಾಟ ಏರುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ನಾವು ದರಕು ಗುಡಿಸುವ ತಿಂಗಳುಗಳಲ್ಲೇ. ದನಕ್ಕೆ ಈ ಕಾಯಿಲೆ ಬಾಧಿಸದು. ಆದರೆ ದೊಡ್ಡ ಉಣುಗುಗಳು ದನದ ರಕ್ತ ಕುಡಿದೇ ಉದುರಿ ಮೊಟ್ಟೆಯಿಡುತ್ತವೆ. ಮನೆಯ ಪಕ್ಕ ಒಣಗಿದೆಲೆ ರಾಶಿ ಹಾಕುವುದು ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ ಎಂದು ಶಿವಮೊಗ್ಗ ಜಿಲ್ಲೆಯಲ್ಲಿ ನಡೆದ ಅಧ್ಯಯನವೂ ಹೇಳಿದೆ. ಆ ರಾಶಿಯಲ್ಲಿ ಬೆಚ್ಚಗೆ ಸುರುಳಿ ಸುತ್ತಿ ಮಲಗುವ ನಾಯಿ ಉಣುಗನ್ನು ಮನೆಯೊಳಗೂ ತರುತ್ತದೆ. ಹಸುವಿಗೆ ಹಿತವಾದದ್ದು ಅದನ್ನು ಸಾಕುವವರ ಜೀವಕ್ಕೇ ಎರವಾಗಬಹುದು ಎಂದ ಮೇಲೆ ಹಳೆಯದೆಂಬ ಕಾರಣಕ್ಕೆ ಅದನ್ನು ಹಿಡಿದುಕೊಂಡು ಕೂರುವುದು ಸರಿಯಲ್ಲ.

ಹಾಗೆಂದು ಹಾಸನ್ನೇ ಬಿಟ್ಟುಬಿಡಬೇಕಿಲ್ಲ. ಬೆಚ್ಚಗಿಡುವ ಗುಣವಿರುವುದು ಒಣಗಿ ಸಡಿಲವಾಗಿರುವ ಯಾವುದೇ ಹಾಸಿನಲ್ಲಿ. ಅದಕ್ಕೆ ಕಾಡಿನ ಎಲೆಯೇ ಆಗಬೇಕೆಂದಿಲ್ಲ. ಒಕ್ಕಣೆ ಮುಗಿದ ಕಾಲವಾದ್ದರಿಂದ ದನ ತಿಂದು ಬಿಟ್ಟ ಹುಲ್ಲು, ಭತ್ತದ ಹೊಟ್ಟು ಮನೆಯಲ್ಲೇ ಇರುತ್ತವೆ. ತೋಟದಲ್ಲಿ ಸೋಗೆ ಬಿದ್ದಿರುತ್ತದೆ. ಕಾಂಕ್ರೀಟ್ ಕೊಟ್ಟಿಗೆಯವರೂ ಕರು ಕಟ್ಟುವ ಮೂಲೆಗೆ ಇವನ್ನು ಗೇಣು ದಪ್ಪಕ್ಕೆ ಹಾಸಬಹುದು. ಮಂಗನ ಕಾಯಿಲೆ ಕಾಣಿಸಿಕೊಂಡ ಊರುಗಳವರು ದಯವಿಟ್ಟು ಈ ಚಳಿಗಾಲದಲ್ಲಿ ಕಾಡಿನ ದರಕನ್ನು ಕೊಟ್ಟಿಗೆಗೆ ತರಬೇಡಿ. ಸೋಗೆ ಕಡಿದು ಹಾಸಿ, ದಿನವೂ ಒಂದು ಪದರ ಹೊಸದು ಹಾಕಿ, ದನದ ಮೈಯ ಉಣುಗಿಗೆ ಪಶುವೈದ್ಯರಿಂದ ಔಷಧಿ ಹಾಕಿಸಿ.