ಹಿಂಸೆಯ ನೀರು, ದೀಕ್ಷೆಯ ನೀರು: ಎಂಡೋ ಅವರ ಕಾದಂಬರಿಯ ಒಂದು ಓದು

ಜಪಾನಿನ ಕ್ಯಾಥೊಲಿಕ್ ಲೇಖಕ ಶುಸಾಕು ಎಂಡೋ ಅವರ ‘ಚಿನ್ಮೊಕು’ (ಮೌನ) ಕಾದಂಬರಿ 1966ರಲ್ಲಿ ಪ್ರಕಟವಾಯಿತು. ಅದರ ಕುರಿತ ದೈವಶಾಸ್ತ್ರೀಯ ಚರ್ಚೆ ಬಹುಪಾಲು ದೇವರ ಮೌನದ ಸುತ್ತಲೇ ನಡೆದಿದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಓದುಗನನ್ನು ಮೊದಲು ತಡೆದು ನಿಲ್ಲಿಸುವುದು ಮಾತ್ರ ಅಲ್ಲಿನ ನೀರು. ಭದ್ರೆಯ ನೆರೆಯ ತರೀಕೆರೆಯ ಮಾತು ಬೇರೆ. ಕಡೂರಿನ ಕಡೆ ಪಾಸ್ಖ ಜಾಗರಣೆಯ ರಾತ್ರಿ ದೀಕ್ಷಾಸ್ನಾನದ ನೀರನ್ನು ಆಶೀರ್ವದಿಸುವ ಹೊತ್ತಿಗೆ ಎಷ್ಟೋ ಕೆರೆಗಳ ತಳ ಬಿರಿದಿರುತ್ತದೆ. ನೀರು ಹಿಂಸೆಯ ಉಪಕರಣವಾಗಬಲ್ಲದೆಂದು ಊಹಿಸುವುದೇ ಇಲ್ಲಿ ಕಷ್ಟ.

ಎಂಡೋ ಅದನ್ನು ಊಹಿಸಿ ಬರೆದವರಲ್ಲ. ಕೊಂದರೆ ರಕ್ತಸಾಕ್ಷಿಗಳಿಗೆ ಗೌರವ ಹೆಚ್ಚುತ್ತದೆ ಎಂದು ಕಂಡುಕೊಂಡ 17ನೆಯ ಶತಮಾನದ ಜಪಾನಿನ ಅಧಿಕಾರಿಗಳು, ಸಾವನ್ನು ತಡಮಾಡಿ ಧರ್ಮತ್ಯಾಗವನ್ನು ಹೊರಡಿಸುವ ದಾರಿಗಳನ್ನು ಹುಡುಕಿದರು. ಉನ್‌ಜೆನ್ ಬೆಟ್ಟದ ಕುದಿಯುವ ಬುಗ್ಗೆಯ ನೀರನ್ನು ಮೈಮೇಲೆ ಸುರಿಸಿ, ಗಾಯಕ್ಕೆ ವೈದ್ಯರಿಂದ ಮದ್ದು ಹಚ್ಚಿಸಿ, ಮತ್ತೆ ಸುರಿಸುತ್ತಿದ್ದರು. ಕಡಲಂಚಿನಲ್ಲಿ ನೆಟ್ಟ ಕಂಬಗಳಿಗೆ ವಿಶ್ವಾಸಿಗಳನ್ನು ಬಿಗಿದು ಉಬ್ಬರಕ್ಕೆ ಒಪ್ಪಿಸುತ್ತಿದ್ದರು. ಮೊಕಿಚಿ, ಇಚಿಜೊ ಎಂಬ ಬಡ ಹಳ್ಳಿಗರು ಕಾದಂಬರಿಯಲ್ಲಿ ಸಾಯುವುದು ಹೀಗೆಯೇ. ಈ ಪುಟಗಳಲ್ಲಿ ಲೇಖಕರ ಸಂಯಮ ಅಪೂರ್ವವಾದುದು. ಸಮುದ್ರ ಅವರನ್ನು ಕೊಲ್ಲುವುದಿಲ್ಲ, ದಣಿಸುತ್ತದೆ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಕಥಾನಾಯಕನಾದ ಯೇಸುಸಭೆಯ ಗುರು ರೊಡ್ರಿಗಸ್ 1638ರಲ್ಲಿ ಲಿಸ್ಬನ್ ಬಿಟ್ಟು ಗೋವೆಯ ಮೂಲಕ ಪೂರ್ವಕ್ಕೆ ಸಾಗುತ್ತಾನೆ. ಅದೇ ಗೋವೆಯಲ್ಲಿ 1560ರಿಂದಲೂ ಧರ್ಮವಿಚಾರಣಾ ನ್ಯಾಯಾಲಯವಿತ್ತು. ಅಲ್ಲಿ ಸೆರೆಯಿದ್ದ ಫ್ರೆಂಚ್ ವೈದ್ಯ ಡೆಲ್ಲೊನ್, ಬೆಳಗಿನ ಹೊತ್ತು ಹಿಂಸೆಗೊಳಗಾದವರ ಕೂಗು ಕೇಳಿದ್ದನ್ನು 1687ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಪಾಷಂಡಿಗಳೆನಿಸಿದವರ ವಿಚಾರಣೆಯಲ್ಲಿ ಚಿತ್ರಹಿಂಸೆಗೆ 1252ರಲ್ಲಿ ಅನುಮತಿ ಇತ್ತವರು ಪೋಪ್ ನಾಲ್ಕನೆಯ ಇನ್ನೊಸೆಂಟ್. ಸ್ಪೇನಿನ ವಿಚಾರಣಾಧಿಕಾರಿಗಳು ಬಾಯಿಗೆ ಬಟ್ಟೆ ಇಳಿಬಿಟ್ಟು ಅದರ ಮೇಲೆ ನೀರು ಹೊಯ್ಯಿಸುತ್ತಿದ್ದರು. ಎಷ್ಟು ಹೂಜಿ ಎಂಬುದನ್ನೂ ಲಿಪಿಕಾರ ಬರೆದಿಡುತ್ತಿದ್ದ. ಹಣೆಯ ಮೇಲೆ ಹನಿಹನಿಯಾಗಿ ನೀರು ಬೀಳಿಸುವ ವಿಧಾನವನ್ನು ನಾವು ಪ್ರಸಂಗಗಳಲ್ಲಿ ಸಲೀಸಾಗಿ ‘ಚೀನೀ’ ಎನ್ನುತ್ತೇವೆ. ಅದರ ಮೊದಲ ವಿವರಣೆಯ ಕರ್ತೃವೆಂದು ಹೇಳಲಾಗುವ ಹಿಪ್ಪೊಲಿತಸ್ ದೆ ಮಾರ್ಸಿಲಿಸ್ ಬೊಲೊನ್ಯಾದ ಕ್ರೈಸ್ತ ನ್ಯಾಯವಿದ. ಸುಧಾರಣಾವಾದಿಗಳೂ ಹೊರತಲ್ಲ: ವಯಸ್ಕರ ದೀಕ್ಷಾಸ್ನಾನವನ್ನು ಸಾರಿದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ಜ್ಯೂರಿಕ್ ನಗರಸಭೆ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ಕ್ರಿಸ್ತನ ಮರಣದಲ್ಲಿ ಪಾಲುಗೊಳಿಸುವ ಸಂಸ್ಕಾರದ ಇಂಥ ಅಣಕವನ್ನು ಅನ್ಯಧರ್ಮದವರಲ್ಲ, ದೀಕ್ಷೆ ಪಡೆದವರೇ ಮಾಡಿದರು.

ಗೋವೆಯನ್ನು ತೊರೆದು ಕರಾವಳಿಗೆ ಬಂದು, ಮುಂದೆ ಘಟ್ಟ ಹತ್ತಿದವರ ಸಂತತಿ ಚಿಕ್ಕಮಗಳೂರು ಜಿಲ್ಲೆಯ ಧರ್ಮಸಭೆಯಲ್ಲಿದೆ. ಆ ಕುಟುಂಬಗಳ ಓದುಗನಿಗೆ ರೊಡ್ರಿಗಸ್‌ನ ಹಡಗು ಗೋವೆಯಿಂದ ಅಷ್ಟು ಬೇಗ ಹೊರಟುಬಿಡುವುದು ಒಪ್ಪಿಗೆಯಾಗದು. ಅಲ್ಲಿ ಆತ ಒಂದು ಬೆಳಗು ಕಿವಿಗೊಟ್ಟಿದ್ದರೆ, ಜಪಾನಿನ ಕಡಲ ಮುಂದೆ ದೇವರ ಮೌನವನ್ನು ಪ್ರಶ್ನಿಸುವ ಮೊದಲು ತನ್ನ ಸಭೆಯ ಮೌನಕ್ಕೆ ಉತ್ತರ ಹೇಳಬೇಕಾಗುತ್ತಿತ್ತು.